ಸುವಾರ್ತಮ್ಮನ ಮದುವೆಗೆ ನಾನು ಕೊಟ್ಟ ಒಪ್ಪಿಗೆ

ದಾವಣಗೆರೆಯಲ್ಲಿ ಚರ್ಚಿನ ಹಿಂದಿನ ಮನೆಗೆ ನಾವು ಬಾಡಿಗೆಗೆ ಬಂದ ದಿನವೇ ಸುವಾರ್ತಮ್ಮನ ಹೆಸರು ಕೇಳಿದ್ದು. ಹೂವಿನ ಬುಟ್ಟಿ ಇಳಿಸಿದ ಮಾಬೂಬೀ ನಮ್ಮ ಗೋಡೆ ಗಡಿಯಾರ ನೋಡಿ ನಕ್ಕಳು.

"ಇದ್ಯಾಕ ತಂದ್ರಿ ಅಕ್ಕಾ? ಹಿಂದುಗಡೆ ಸುವಾರ್ತಿ ಗಂಟೆ ಹೊಡದ್ರೆ ಸತ್ತೋರೂ ಎದ್ದು ಕೂರ್ತಾರೆ."

ಆಗ ನಮ್ಮ ಯಜಮಾನರು ಪಂಚಾಕ್ಷರಪ್ಪನವರು ಇದ್ದರು. "ಲಿಂಗಪೂಜೆಗೆ ಎಬ್ಸೋಕೆ ಒಬ್ರು ಸಿಕ್ಕಂಗಾತು ಬಿಡು" ಎಂದರು.

ಸುವಾರ್ತಮ್ಮ ಚರ್ಚಿನ ಬೀಗ ತೆಗೆಯುವವಳು, ಕಸ ಗುಡಿಸುವವಳು, ಗಂಟೆ ಬಾರಿಸುವವಳು. ಆ ಕಲ್ಲಿನ ಚರ್ಚನ್ನು ಇಂಗ್ಲಿಷರು ತಮಗಾಗಿ ಕಟ್ಟಿಸಿಕೊಂಡಿದ್ದರಂತೆ. ಅವಳ ಅಜ್ಜ ಹೊರಗೆ ಕೂತು ಪಂಖದ ಹಗ್ಗ ಎಳೆಯುತ್ತಿದ್ದ, ಒಳಗೆ ದೊರೆಗಳು ತಣ್ಣಗೆ ಕೂತು ಹಾಡುತ್ತಿದ್ದರು.

"ನಮ್ಮಜ್ಜಂಗೆ ನಿದ್ದೆ ಬಂದ್ರೆ ದೊರೆಗೆ ಬೆವರು ಬರ್ತಿತ್ತು" ಅನ್ನುವಳು.

ದೊರೆಗಳು ಹೋದರು. ಪ್ರಾರ್ಥನೆ ಕನ್ನಡಕ್ಕೆ ಬಂತು, ಅಜ್ಜನ ಮಕ್ಕಳು ಒಳಗಿನ ಬೆಂಚಿಗೆ ಬಂದರು. ಪಂಖ ತೂಗಿದ್ದ ಕೊಂಡಿಗಳಲ್ಲಿ ಈಗ ಕರೆಂಟಿನ ಫ್ಯಾನುಗಳು ತಿರುಗುತ್ತವೆ. ಹಿತ್ತಲಿನ ಹುಣಸೆ ಮರದ ಕೆಳಗೆ ಯಾರೋ ಇಂಗ್ಲಿಷ್ ಹೆಂಗಸಿನ ಸಮಾಧಿ ಇದೆ. ಚಪ್ಪಟೆ ಕಲ್ಲು, ಒಳ್ಳೆ ಬಿಸಿಲು. ಒಮ್ಮೆ ಹಪ್ಪಳ ಹರವಲು ಹೋದೆ. "ಮನುಷ್ಯರು ಮಲಗಿರೋ ಕಡೆ ಹಪ್ಪಳ ಯಾಕ ಅಕ್ಕಾ?" ಎಂದು ಸುವಾರ್ತಮ್ಮ ಮೊರ ಕಿತ್ತುಕೊಂಡು, ತನ್ನ ಮನೆ ಮಾಳಿಗೆ ಮೇಲೆ ತಾನೇ ಒಣಗಿಸಿಕೊಟ್ಟಳು. ಅಲ್ಲಿಂದ ನಮ್ಮ ಗೆಳೆತನ.

ತಾಯಿ ಸತ್ತಾಗ ಅವಳ ತಮ್ಮ ಪ್ರೇಮದಾಸ ಇನ್ನೂ ಚಿಕ್ಕವನು. ಅವನನ್ನು ಸಾಕಿ, ಊರ ಪಕ್ಕದ ಕರೂರಿನ ಕಾರ್ಖಾನೆಯೊಂದಕ್ಕೆ ಕೆಲಸಕ್ಕೆ ಹಚ್ಚಿ, ಮದುವೆ ಮಾಡಿ, ಅವನ ಮಕ್ಕಳಿಗೆ ಜಡೆ ಹಾಕುವಷ್ಟರಲ್ಲಿ ಇವಳಿಗೆ ಐವತ್ತು ದಾಟಿತ್ತು.

ಹೋದ ವರ್ಷ ಚರ್ಚಿನ ಬೆಂಚು ರಿಪೇರಿಗೆ ಹರಿಹರದಿಂದ ಬಡಗಿ ದೇವಪುತ್ರಪ್ಪ ಬಂದರು. ಹೆಂಡತಿ ತೀರಿಕೊಂಡಿದ್ದವರು, ತಲೆ ಪೂರ್ತಿ ಬೆಳ್ಳಗೆ. ವಾರದ ಕೆಲಸ ತಿಂಗಳುಗಟ್ಟಲೆ ನಡೆಯಿತು.

"ಗಟ್ಟಿ ಇರೋ ಬೆಂಚನ್ನೂ ಬಿಚ್ಚಿ ಕೂಡಿಸ್ತಾ ಅವ್ನಲ್ಲೇ!" ಎಂದು ಕೆಣಕಿದೆ.

"ಸುಮ್ನಿರ್ರೀ ಅಕ್ಕಾ" ಎಂದು ಸೆರಗಿನಲ್ಲಿ ಮುಖ ಒರೆಸಿಕೊಂಡಳು.

ಮದುವೆ ಮಾತು ಎದ್ದಾಗ ಪ್ರೇಮದಾಸ ಉರಿದುಬಿದ್ದ. "ಈ ವಯಸ್ಸಿನಾಗೆ ಮದ್ವೆನಾ? ನನ್ನ ಮಗಳಿಗೆ ಗಂಡು ನೋಡೋ ಟೈಮು. ಜನ ನಗಲ್ವಾ? ಚರ್ಚಿನಾಗೇ ಎದ್ದು ನಿಂತು ತಡೀತೀನಿ, ನೋಡ್ತಿರು."

ಅವರಲ್ಲಿ ಮದುವೆಗೆ ಮುಂಚೆ ಮೂರು ಭಾನುವಾರ ಪಾದ್ರಿಗಳು ಗಂಡು ಹೆಣ್ಣಿನ ಹೆಸರು ಓದಿ, ಅಡ್ಡಿ ಇದ್ದವರು ಹೇಳಿ ಎಂದು ಕೇಳುತ್ತಾರೆ. ಎರಡು ಭಾನುವಾರ ತಮ್ಮ ಬರಲಿಲ್ಲ. ಮೂರನೆಯದಕ್ಕೆ ಬರುತ್ತಾನೆಂದು ಸುದ್ದಿ ಬಂತು.

"ಎಲ್ಲಾರ ಮುಂದೆ ಅವ್ನು ಎದ್ದು ನಿಂತ್ರೆ ನಾನೇ ಮದ್ವೆ ಬ್ಯಾಡ ಅಂದ್ಬಿಡ್ತೀನಿ ಅಕ್ಕಾ. ಎತ್ತಿ ಆಡಿಸಿದ ಕೂಸು, ಅವನ ಜೊತೆ ಜಗಳ ನನ್ನ ಕೈಲಾಗಲ್ಲ. ಧೈರ್ಯಕ್ಕೆ ನೀವೊಬ್ರು ಬಂದು ಕೂಡ್ರಿ" ಎಂದಳು.

ವಿಭೂತಿ ಹಚ್ಚಿಕೊಂಡೇ ಹೋಗಿ ಕೂತೆ. ಮುಂದಿನ ಬೆಂಚಿನಲ್ಲಿ ಪ್ರೇಮದಾಸ. ಪಾದ್ರಿಗಳು ಹೆಸರು ಓದಿ ಕೇಳಿದರು. ಯಾರೂ ತುಟಿ ಬಿಚ್ಚಲಿಲ್ಲ. ನಮ್ಮಲ್ಲಿ ನಿಶ್ಚಿತಾರ್ಥದ ದಿನ ಹಿರಿಯರು ಕೇಳಿದಾಗ ಎಲ್ಲರೂ "ಒಪ್ಪಿಗೆ ಐತೆ" ಎಂದು ಕೂಗಬೇಕು; ಸುಮ್ಮನಿದ್ದರೆ ಮನಸ್ಸಿಲ್ಲ ಎಂದೇ ಅರ್ಥ. ಇಷ್ಟು ಜನರಲ್ಲಿ ಒಬ್ಬರಿಗೂ ಇವಳು ಬೇಡವಾದಳೇ? ಅಷ್ಟರಲ್ಲಿ ಪ್ರೇಮದಾಸ ಬೆಂಚು ಹಿಡಿದು ಅರ್ಧ ಎದ್ದ. ನಾನು ಪೂರ್ತಿ ಎದ್ದೆ.

"ಯಾವ ಅಡ್ಡಿನೂ ಇಲ್ರೀ ಅಯ್ನೋರೇ! ಹುಡುಗಿ ಬಂಗಾರ, ಹುಡುಗನೂ ಒಳ್ಳೇನು. ನಮ್ದೆಲ್ಲಾ ಒಪ್ಪಿಗೆ ಐತೆ, ಸುರು ಮಾಡ್ರಿ!"

ಬಿಳಿ ತಲೆಯ ಹುಡುಗ ನಾಚಿ ನೆಲ ನೋಡಿದ. ಮೊದಲು ಹಾಡುವ ಹೆಣ್ಣುಮಕ್ಕಳು ಕಿಸಕ್ಕೆಂದರು, ಆಮೇಲೆ ಚರ್ಚೆಲ್ಲ ನಕ್ಕಿತು. ಪಾದ್ರಿಗಳು ಪುಸ್ತಕದಲ್ಲಿ ಮುಖ ಮುಚ್ಚಿಕೊಂಡರು. ಇಲ್ಲಿ ಸುಮ್ಮನಿರುವುದೇ ಒಪ್ಪಿಗೆ ಎಂದು ಪಕ್ಕದವಳು ನನ್ನ ಸೆರಗು ಜಗ್ಗಿ ಹೇಳಿದಳು. ಜನ ನಗುತ್ತಾರೆಂದು ಹೆದರಿದ್ದ ಪ್ರೇಮದಾಸ. ನಕ್ಕರು, ಆದರೆ ನನ್ನನ್ನು ನೋಡಿ. ಅವನಿಗೂ ನಗು ತಡೆಯಲಿಲ್ಲ. ಅಂಗಿ ಸರಿಮಾಡಿಕೊಳ್ಳಲು ಎದ್ದವನಂತೆ ಕೂತುಬಿಟ್ಟ.

ಈಗ ಅವಳು ಹರಿಹರದಲ್ಲಿದ್ದಾಳೆ. ಇಲ್ಲಿ ಗಂಟೆಗೆ ಹೊಸಬರು ಬಂದಿದ್ದಾರೆ, ಕೈ ಇನ್ನೂ ಪಳಗಿಲ್ಲ. ಊರು ಬಿಡುವ ಮುಂಚೆ ಅವಳು ನನ್ನಲ್ಲಿ ಕೊನೆಗೆ ಒಂದನ್ನು ಕೇಳಿದಳು. ಮದುವೆಯ ಹಿಂದಿನ ಸಂಜೆ ಅಡುಗೆಮನೆ ಬಾಗಿಲಿಗೆ ಬಂದು ನಿಂತಿದ್ದಳು. ಹೆಣ್ಣಿನ ಕಡೆಯವರೊಬ್ಬರು ಮದುಮಗಳ ಕೈ ಹಿಡಿದು ಪಾದ್ರಿಗಳ ಮುಂದೆ ಬಿಡಬೇಕಂತೆ. ತಮ್ಮ ಮದುವೆಗೆ ಬರುತ್ತಾನೆ, ಆದರೆ ಆ ಕೆಲಸಕ್ಕೆ ನಾಚಿಕೆಯಂತೆ.

"ನಾನಾ? ಗಂಡ ಇಲ್ದೋಳು ಕಣೇ. ನಮ್ಮನೆ ಮದ್ವೇಲೇ ನಾನು ಮೂಲೆ ಹಿಡ್ಕಂಡು ಕೂರೋಳು" ಎಂದೆ.

"ಅದನ್ನ ನಮ್ಮಲ್ಲಿ ಯಾರೂ ಕೇಳಲ್ಲ. ನೀವೇ ಕರ್ಕಂಡು ಹೋಗ್ರಿ ಅಕ್ಕಾ. ದಡದಡ ನಡೀಬ್ಯಾಡ್ರಿ ಮತ್ತೆ, ಹಾಡು ಮುಗಿಯೋತನ ನಿಧಾನಕ್ಕೆ ಹೋಗ್ಬೇಕು."