ಪಿಂಕಿಯ ಕ್ಷೌರ, ನನ್ನ ಸ್ನಾನ

ನಾಯಿಗಳ ಕೂದಲು ಕತ್ತರಿಸುವುದು ನನ್ನ ಕೆಲಸ. ದರ್ಬೆಯಿಂದ ಮಂಡೆಕೋಲಿನ ಒಂದು ಮನೆಗೆ ನಾನು ಹೋದದ್ದು ಪಿಂಕಿಯ ಕೂದಲು ತೆಗೆಯಲಿಕ್ಕೆ. ಪಿಂಕಿ ಎಂದರೆ ಹದಿನಾಲ್ಕು ವರ್ಷದ ಪೊಮೆರೇನಿಯನ್ ನಾಯಿ. ಕಣ್ಣು ಕಾಣುತ್ತಿರಲಿಲ್ಲ, ಯಾರು ಎಂತ ಎಂಬುದೆಲ್ಲ ಅದಕ್ಕೆ ಮೂಗಿನಲ್ಲೇ ತಿಳಿಯಬೇಕು. ಕೂದಲು ಗಂಟುಕಟ್ಟಿ ಚಾಪೆಯ ಹಾಗಾಗಿ, ಮಲಗಿದರೆ ಚರ್ಮ ಜಗ್ಗಿ ನರಳುತ್ತಿತ್ತು.

ಬಾಚಿ ಬಿಡಿಸುವ ಹಂತ ದಾಟಿತ್ತು. ಅಂಗಳದಲ್ಲಿ ಕೂತು ಟ್ರಿಮ್ಮರ್ ಹಿಡಿದೆ. ಮುದಿ ಚರ್ಮ ಕಾಗದದಷ್ಟು ತೆಳು, ಸ್ವಲ್ಪ ತಪ್ಪಿದರೂ ರಕ್ತ. ಪಿಂಕಿ ಗುರ್ ಎನ್ನುತ್ತಲೇ ಇತ್ತು, ಎರಡು ಸಲ ನನ್ನ ಕೈಗೆ ಬಾಯಿ ಹಾಕಿತು. ಅಂತೂ ಮುಗಿದಾಗ ಹಳೇ ಕಂಬಳಿಯಂಥ ಕೂದಲು ಒಂದು ಕಡೆ, ಇಲಿಯಂಥ ನಾಯಿ ಇನ್ನೊಂದು ಕಡೆ.

ಎತ್ತಿಕೊಂಡು ಜಗಲಿ ಹತ್ತಲು ಹೋದರೆ ಮನೆಯ ಅಜ್ಜಿ ಅಡ್ಡ ನಿಂತರು. "ಕ್ಷೌರ ಆದ ಮೇಲೆ ಮೀಯದೆ ಒಳಗೆ ಬರುದುಂಟಾ?"

ಹೇಗೂ ಮೀಯಿಸಲಿಕ್ಕಿತ್ತು. ಬಿಸಿನೀರಲ್ಲಿ ಮೀಯಿಸಿ, ಒರೆಸಿ, ಪಿಂಕಿಯನ್ನು ಜಗಲಿಗೆ ಬಿಟ್ಟೆ. ಹಿಂದೆಯೇ ನಾನೂ ಕಾಲಿಟ್ಟೆ.

"ನೀನೆಲ್ಲಿಗೆ ಮಾರಾಯ್ತಿ?" ಅಜ್ಜಿ ನನ್ನ ಮೈತುಂಬ ಅಂಟಿದ್ದ ಕೂದಲು ತೋರಿಸಿದರು. "ಕ್ಷೌರ ಮಾಡಿದವರಿಗೆ ಸ್ನಾನ ಬೇಡವಾ?"

"ಅಜ್ಜಿ, ಅದು ನಾಯಿ!"

"ನಾಯಿಯೇ ಮಿಂದಾಯ್ತು. ನಿನಗೆ ಎಂತ?"

ಜಗಲಿಯಿಂದ ಕಾಲು ಹಿಂದೆ ತೆಗೆದೆ. ಬಚ್ಚಲಲ್ಲಿ ಮಿಂದು, ಅಜ್ಜಿ ಕೊಟ್ಟ ಅವರದೇ ಹೂವಿನ ನೈಟಿ ಹಾಕಿಕೊಂಡು ಕಾಫಿಗೆ ಕೂತೆ. ಪಿಂಕಿ ಹತ್ತಿರ ಬಂತು. ನೈಟಿಯನ್ನು ಮೂಸಿ ನೋಡಿತು. ಆಮೇಲೆ ದೊಡ್ಡದೊಂದು ನಿಟ್ಟುಸಿರು ಬಿಟ್ಟು, ನನ್ನ ಮಡಿಲಲ್ಲಿ ತಲೆಯಿಟ್ಟು ಮಲಗಿಯೇ ಬಿಟ್ಟಿತು.

ಮುಂದಿನ ಸಲ ನೈಟಿ ಮೊದಲು, ಟ್ರಿಮ್ಮರ್ ಆಮೇಲೆ.