ನೋಟ್ಸಿನೊಳಗೆ ಬಂದ ರೈಲು

ಗೆಳತಿಯರೇ, ಇವತ್ತು ಬೆಳಿಗ್ಗೆ ನನ್ನ ತರಗತಿಯ ಗೌರಮ್ಮನ ಮೂರು ಬೆರಳಿಗೂ ಮಸಿ ಮೆತ್ತಿತ್ತು. ಯಲಹಂಕದ ಕಡೆಯಿಂದ ಬರುವ ಹುಡುಗಿ, ಕಾಲೇಜು ಸೇರಿ ತಿಂಗಳಾಗಿಲ್ಲ. ನಾನು ಪಾಠ ಹೇಳಲು ಸೇರಿಯೂ ಅಷ್ಟೇ ದಿನ. ಅವಳ ನೋಟ್ಸು ತೆರೆದೆ. ಮುತ್ತಿನಂಥ ಅಕ್ಷರ. ಆದರೆ ಪಾಠದ ನಡುವೆ, “ಯಾರಾದರೂ ಆ ಕಿಟಕಿ ಮುಚ್ಚಿ, ರೈಲು ಬಂತು” ಎಂದೂ ಬರೆದಿತ್ತು.

“ಇದನ್ನೂ ಬರ್ಕೊಂಡಿದ್ದೀಯಲ್ಲಮ್ಮ?”

“ನೀವೇ ಏಳಿದ್ರಲ್ಲ ಮೇಡಂ. ಯಾವ್ದು ಬಿಡ್ಬೇಕೋ ಗೊತ್ತಾಗ್ಲಿಲ್ಲ.”

“ಕೇಳ್ಬಹುದಿತ್ತಲ್ಲ?”

“ನೀವು ತಲೇನೇ ಎತ್ತಲ್ಲ, ಎಂಗೆ ಕೇಳ್ಲಿ? ಮೊದ್ಲ ಪರೀಕ್ಷೇಲಿ ಫೇಲಾದ್ರೆ ಕಾಲೇಜು ಬುಡು ಅಂದವ್ರೆ ನಮ್ಮಪ್ಪ.”

ತರಗತಿಯೆಲ್ಲ ಗೊಳ್ಳೆಂದು ನಕ್ಕಿತು. ನನಗೆ ನಗು ಬರಲಿಲ್ಲ. ಅಷ್ಟೊಂದು ಮುಖಗಳನ್ನು ನೋಡಲು ಹೆದರಿ, ಬರೆದು ತಂದ ಹಾಳೆಯನ್ನೇ ನೋಡುತ್ತ ಒಂದೇ ದನಿಯಲ್ಲಿ ಓದುತ್ತಿದ್ದವಳು ನಾನು. ಪಾಠ ಯಾವುದು, ಕಿಟಕಿ ಯಾವುದು ಎಂದು ಅವಳಿಗಾದರೂ ಹೇಗೆ ತಿಳಿಯಬೇಕು?

ನಾಳೆ ಆ ಹಾಳೆ ಮನೆಯಲ್ಲೇ ಇರುತ್ತದೆ. ಮೊದಲ ಹತ್ತು ನಿಮಿಷ ಯಾರೂ ಲೇಖನಿ ಮುಟ್ಟುವಂತಿಲ್ಲ, ಕೇಳಬೇಕು, ತಿಳಿಯದಿದ್ದರೆ ತಡೆದು ಪ್ರಶ್ನಿಸಬೇಕು. ಗೌರಮ್ಮನ ಮುಖ ನೋಡಿಕೊಂಡೇ ಪಾಠ ಹೇಳುತ್ತೇನೆ. ಆಗ ನನ್ನ ದನಿ ನಡುಗಿದರೆ, ಅದನ್ನೂ ಅವಳು ಬರೆದುಕೊಳ್ಳದಿದ್ದರೆ ಸಾಕು.