ಲಂಟಾನದ ಪರ ಒಂದು ವಾದ

ನಮ್ಮ ಬಡಾವಣೆಯ ಜನ ತಮ್ಮ ದೇಶಭಕ್ತಿಯನ್ನು ಗಿಡಗಳ ಮೇಲೆ ತೀರಿಸಿಕೊಳ್ಳುತ್ತಾರೆ. ಇಟ್ಟಮಡು ದಾಟಿದರೆ ನಮ್ಮ ಬೀದಿಗಳ ಹಿಂದೆ ಒಂದು ಬಂಡೆಗುಡ್ಡವಿದೆ. ಅದರ ಇಳಿಜಾರಿನ ತುಂಬ ಲಂಟಾನದ ಪೊದೆ. ಎರಡು ವರ್ಷದ ಹಿಂದೆ ಒಂದು ಭಾನುವಾರ ನಿವಾಸಿಗಳ ಸಂಘದವರು ಒಂದೇ ಬಣ್ಣದ ಟೀ ಶರ್ಟ್ ತೊಟ್ಟು ಅದನ್ನು ಕೀಳಲು ಹೊರಟರು. ಕಾರಣ, ಲಂಟಾನ ವಿದೇಶಿ. ಅದರ ಜಾಗದಲ್ಲಿ ನೆಡಲು ತಂದದ್ದು ಗುಲ್‌ಮೊಹರ್ ಮತ್ತು ಟಬೂಬಿಯಾ. ಅವೂ ವಿದೇಶಿಯೇ. ಆದರೆ ಹೂವು ಫೋಟೊದಲ್ಲಿ ಚೆನ್ನಾಗಿ ಬರುತ್ತದೆ, ಹಾಗಾಗಿ ಪೌರತ್ವ ಸಿಕ್ಕಿದೆ.

ನಾನೇನೂ ಲಂಟಾನದ ಅಭಿಮಾನಿಯಲ್ಲ. ಅದು ಕಾಡು ನುಂಗುತ್ತದೆ ಎಂದರೆ ಒಪ್ಪುತ್ತೇನೆ. ನನ್ನ ವಾದ ಈ ಗುಡ್ಡಕ್ಕಷ್ಟೇ ಸೀಮಿತ. ಇಲ್ಲಿ ಆ ಮುಳ್ಳಿನೊಳಗೆ, ಹಕ್ಕಿಗಳು ಉದುರಿಸಿದ ಬೀಜದಿಂದ ಬೇವು, ಗಂಧ, ನೇರಳೆ ಮೇಲೇಳುತ್ತಿದ್ದವು. ಪೊದೆ ಇದ್ದುದರಿಂದ ಹಸು ಬಾಯಿ ಹಾಕುತ್ತಿರಲಿಲ್ಲ, ಬಿಸಿಲು ಸುಡುತ್ತಿರಲಿಲ್ಲ. ಮರಗಳಾದ ಮೇಲೆ ಅವುಗಳ ನೆರಳಿಗೇ ಲಂಟಾನ ಸೊರಗುತ್ತದೆ. ಅಲ್ಲಿಯವರೆಗೆ ಸುಮ್ಮನಿರಬೇಕು. ಸುಮ್ಮನಿರುವುದಕ್ಕೆ ಟೀ ಶರ್ಟ್ ಹೊಲಿಸಲಾಗುವುದಿಲ್ಲ, ಅದೇ ತೊಂದರೆ.

ಆ ಭಾನುವಾರ ಕೊಂಬೆ ಸರಿಸಿ ಒಳಗಿನ ಸಸಿಗಳನ್ನು ಸಂಘದ ಕಾರ್ಯದರ್ಶಿಗೆ ತೋರಿಸಿದೆ. ಬ್ಯಾಂಕಿನಿಂದ ನಿವೃತ್ತರಾದ ಅವರು ಬಗ್ಗಿ ನೋಡಲೂ ಇಲ್ಲ.

“ಅಂಕಲ್, ಇದನ್ನ ಕಿತ್ರೆ ಒಳಗಿರೋ ಸಸಿನೂ ಹೋಗತ್ತೆ.”

“ಹೋದ್ರೆ ಹೋಗ್ಲಿ ಬಿಡಮ್ಮ, ಬೇರೆ ನೆಡ್ತೀವಲ್ಲ.”

“ನೀರು ಹಾಕೋರು ಯಾರು?”

“ಮಳೆಗಾಲ ಬರತ್ತೆ.”

“ಆಮೇಲೆ ಬೇಸಿಗೆನೂ ಬರತ್ತಲ್ಲ?”

ಅವರು ನನ್ನ ಅಮ್ಮನ ಕಡೆ ತಿರುಗಿದರು. “ಮೇಡಂ, ಮಗಳನ್ನ ಡಿಬೇಟಿಗೆ ಕಳಿಸಿದ್ದು ನೀವೇ ಅಲ್ವಾ? ಅನುಭವಿಸಿ.”

ಅಮ್ಮ ನಕ್ಕಳು. ಅವಳೂ ಅದೇ ಟೀ ಶರ್ಟಿನಲ್ಲಿದ್ದಳು.

ಕೊನೆಗೆ ನನ್ನ ಬಾಯಿ ಮುಚ್ಚಿಸಲು ಒಂದು ಮೂಲೆ ಬಿಟ್ಟುಕೊಟ್ಟರು. “ಆ ಮೂಲೆ ನಿಂದು. ಹಾವು ಬಂದ್ರೆ ನಿಮ್ಮನೆಗೇ ಕಳಿಸ್ತೀವಿ.”

ಉಳಿದ ಇಳಿಜಾರು ಮಧ್ಯಾಹ್ನದೊಳಗೆ ಬೋಳಾಯಿತು. ಗುಂಪು ಫೋಟೊ ಆಯಿತು, ಇಡ್ಲಿ ವಡೆ ಆಯಿತು. ನೆಟ್ಟ ಪ್ರತಿ ಸಸಿಗೂ ದಾನಿಯ ಹೆಸರಿನ ತಗಡಿನ ಫಲಕ: ಮೊಮ್ಮಗಳ ಹುಟ್ಟುಹಬ್ಬಕ್ಕೊಂದು, ಯಾರದೋ ಷಷ್ಟಿಪೂರ್ತಿಗೊಂದು. ಬೇಸಿಗೆ ಕಳೆಯುವಷ್ಟರಲ್ಲಿ ಫಲಕಗಳು ಮಾತ್ರ ಉಳಿದು, ಗುಡ್ಡ ಸ್ಮಶಾನದಂತೆ ಕಂಡಿತು. ಕಿತ್ತೆವೆಂದುಕೊಂಡ ಲಂಟಾನ ಮತ್ತೆ ಚಿಗುರಿತು, ಈ ಸಲ ಒಳಗೇನೂ ಇಲ್ಲದೆ. ನನ್ನ ಮೂಲೆಯಲ್ಲಿ ಬೇವು ಪೊದೆಯನ್ನು ದಾಟಿ ತಲೆಯೆತ್ತಿತ್ತು.

ಈ ವರ್ಷ ಕಾರ್ಯದರ್ಶಿ ಮನೆಗೇ ಬಂದರು. ಷಷ್ಟಿಪೂರ್ತಿಯ ದಂಪತಿ ತಮ್ಮ ಗಿಡ ನೋಡಲು ಬರುತ್ತಾರಂತೆ.

“ನಿನ್ ಮೂಲೆಲಿ ಗಿಡ ಚೆನ್ನಾಗಿ ಬಂದಿದೆ ಅಲ್ವಾ? ಒಂದೆರಡು ಬೋರ್ಡು ಅಲ್ಲಿಗೆ ಶಿಫ್ಟ್ ಮಾಡ್ತೀವಿ.”

“ಅದು ಸುಳ್ಳಲ್ವಾ ಅಂಕಲ್?”

“ಗಿಡಕ್ಕೇನು ಗೊತ್ತಾಗತ್ತೆ?”

“ಸುತ್ತ ಇರೋ ಲಂಟಾನ?”

“ತೆಗೀಬೇಕಾಗತ್ತೆ. ಜನ ಹೋಗೋದು ಬೇಡ್ವಾ?”

“ಹಾಗಾದ್ರೆ ಬೋರ್ಡ್ ಇಲ್ಲ. ಒಂದು ಕಡ್ಡಿನೂ ಮುಟ್ಟಲ್ಲ ಅಂದ್ರೆ ಎಷ್ಟು ಬೇಕಾದ್ರೂ ಹಾಕ್ಕೊಳಿ.”

ಒಪ್ಪಿದರು. ತರ್ಕದಿಂದ ಆಗದ್ದು ಅವರ ಸುಳ್ಳಿಗೆ ನಾನು ತಲೆಯಾಡಿಸಿದ್ದರಿಂದ ಆಯಿತು. ಡಿಬೇಟಿನ ಯಾವ ತೀರ್ಪುಗಾರರೂ ಇದಕ್ಕೆ ಅಂಕ ಕೊಡುತ್ತಿರಲಿಲ್ಲ.

ದಂಪತಿ ಬಂದರು, ಮುಳ್ಳಿನ ಈಚೆ ನಿಂತು ಬೇವಿನ ಜೊತೆ ಫೋಟೊ ತೆಗೆಸಿಕೊಂಡರು.

“ಹತ್ರ ಹೋಗಕ್ಕಾಗಲ್ವಾ?” ಎಂದು ಆಕೆ ಕೇಳಿದರು.

“ಇಲ್ಲ ಮೇಡಂ,” ಎಂದರು ಕಾರ್ಯದರ್ಶಿ, ನನ್ನ ಕಡೆ ನೋಡದೆ. “ಗಿಡದ ರಕ್ಷಣೆಗೆ ಅಂತ ಲಂಟಾನ ನಾವೇ ಬಿಟ್ಟಿರೋದು.”